ಕಣ್ಣಿಗೊತ್ತಿಕೊಂಡ ವಜೀರ

ಅರ್ಧ ಅಂಕ. ಭವಾನಿಗೆ ಬೇಕಾಗಿದ್ದು ಅಷ್ಟೇ. ಗೆಲ್ಲುವುದೂ ಬೇಡ, ಸೋಲದೆ ಎದ್ದರೆ ಸಾಕು.

ಎರಡು ಸಾವಿರದ ಹದಿನಾಲ್ಕರ ಜನವರಿ. ಗಂಗಾವತಿಯ ಕಲ್ಯಾಣ ಮಂಟಪವೊಂದರಲ್ಲಿ ಅಂತರರಾಷ್ಟ್ರೀಯ ಚೆಸ್ ಟೂರ್ನಿಯ ಒಂಬತ್ತನೆಯ ಸುತ್ತು, ಅದೇ ಕಡೆಯದು. ಅಕ್ಕಿ ಗಿರಣಿಯವರು ಕೂಡಿ ನಡೆಸಿದ ಟೂರ್ನಿ. ಹಂಪಿ ನೋಡಿದಂತೆಯೂ ಆಯಿತು ಅಂತ ಹೊರದೇಶದವರು ಎಂಟು ಹತ್ತು ಮಂದಿ ಬಂದಿದ್ದರು. ಮೊದಲ ನಾಲ್ಕು ಬೋರ್ಡುಗಳನ್ನು ಮದುಮಕ್ಕಳು ಕೂರುವ ವೇದಿಕೆಯ ಮೇಲೆ ಇಟ್ಟಿದ್ದರು. ಬೆಳಿಗ್ಗೆ ಭವಾನಿ ಅದರ ಮೆಟ್ಟಿಲು ಹತ್ತುವಾಗ ಸೋದರತ್ತೆ ಗುರುಲಿಂಗಮ್ಮ, "ಇಪ್ಪತ್ತೈದು ವರ್ಷಕ್ಕ ಅಂತೂ ಮಂಟಪ ಏರಿದಿ ನೋಡವಾ. ಎದುರಿಗೆ ಗಂಡು ಇಲ್ಲ, ಅಷ್ಟ ಕಡಿಮಿ" ಎಂದು ಸುತ್ತಲಿದ್ದವರನ್ನು ನಗಿಸಿದ್ದಳು.

ಎದುರಿಗೆ ಇದ್ದವಳು ಜಾರ್ಜಿಯಾ ದೇಶದ ಹೆಣ್ಣುಮಗಳು. ಬೆಳ್ಳನೆಯ ಗಟ್ಟಿಮುಟ್ಟು ಆಳು, ಆಡುವಾಗ ತುಟಿ ಕೂಡ ಅಲುಗಿಸುತ್ತಿರಲಿಲ್ಲ.

ಮಹಿಳಾ ಗ್ರ್ಯಾಂಡ್‌ಮಾಸ್ಟರ್ ಆಗಬೇಕಾದರೆ ದೊಡ್ಡ ಟೂರ್ನಿಗಳಲ್ಲಿ ಮೂರು ಸಲ ಗೊತ್ತುಮಾಡಿದಷ್ಟು ಅಂಕ ಗಳಿಸಬೇಕು. ಅದಕ್ಕೆ ನಾರ್ಮ್ ಎನ್ನುತ್ತಾರೆ. ಭವಾನಿಗೆ ಎರಡು ಸಿಕ್ಕಿದ್ದವು. ಮೂರನೆಯದು ಎರಡು ಬಾರಿ ಕೈಗೆ ಬಂದಂತೆ ಮಾಡಿ ಜಾರಿತ್ತು, ಎರಡು ಬಾರಿಯೂ ಅರ್ಧ ಅಂಕದಿಂದ. ಈ ಸಲವೂ ಆಗದಿದ್ದರೆ ಆಟ ಬಿಡುತ್ತೇನೆಂದು ಅಪ್ಪ ಉಮಾಪತಿಗೆ ಮಾತು ಕೊಟ್ಟಿದ್ದಳು. ಕುಷ್ಟಗಿಯ ಸಾಲಿಯೊಂದರಲ್ಲಿ ಗಣಿತ ಕಲಿಸುವ ಕೆಲಸ ಕಾದಿತ್ತು, ಸೋಮವಾರ ಸೇರಬೇಕು. ಆ ದಿನ ಶನಿವಾರ.

ಆಟ ಶುರುವಾದದ್ದು ತೊಂಬತ್ತೇಳರಲ್ಲಿ. ಕೊಪ್ಪಳ ರಾಯಚೂರಿನಿಂದ ಬೇರೆಯಾಗಿ ತಾನೇ ಜಿಲ್ಲೆಯಾದ ವರ್ಷ ಅದು. ಹೊಸ ಕಚೇರಿಗಳಿಗೆ ಗುಮಾಸ್ತರು ಬೇಕಾಗಿ ಉಮಾಪತಿಗೆ ಯಲಬುರ್ಗಾದಿಂದ ವರ್ಗವಾಯಿತು. ಬಾಡಿಗೆ ಮನೆಯ ಪಕ್ಕದಲ್ಲಿ ಹಾಜಿಸಾಬನ ಟೇಲರ್ ಅಂಗಡಿ. ಗಿರಾಕಿ ಇಲ್ಲದ ಹೊತ್ತು ಹಾಜಿಸಾಬ ಹಲಗೆಯ ಮೇಲೆ ಬಳಪದಿಂದ ಅರವತ್ನಾಲ್ಕು ಮನೆ ಬರೆದು ಬುದ್ಧಿಬಳ ಹೂಡುತ್ತಿದ್ದ. ಎಂಟು ವರ್ಷದ ಭವಾನಿಗೆ ಕಲಿಸಿದವನು ಅವನೇ. ಅವನು ಬಲ್ಲದ್ದು ರಾಣಿಗೆ ವಜೀರ, ಕಾಲಾಳಿಗೆ ಪ್ಯಾದೆ ಎನ್ನುವ ಹಳೆಯ ಕಾಲದ ಆಟ, ಅದರಲ್ಲಿ ಪ್ಯಾದೆ ಒಂದೇ ಮನೆ ನಡೆಯುತ್ತದೆ. ಜಿಲ್ಲಾ ಟೂರ್ನಿಗೆ ಹೋದರೆ ಎದುರಿನ ಹುಡುಗ ಮೊದಲ ನಡೆಗೇ ಪ್ಯಾದೆಯನ್ನು ಎರಡು ಮನೆ ದೂಡಿದ. ಭವಾನಿ ಎದ್ದು ನಿಂತು, "ಇಂವ ಕಳ್ಳಾಟ ಆಡ್ತಾನ್ರಿ" ಎಂದು ಕೂಗಿದಳು. ಕೋಣೆಯೆಲ್ಲ ನಕ್ಕಿತು. ಹಾಜಿಸಾಬ ಮಾತ್ರ ನಗದೆ, ಮರುವಾರವೇ ಹೊಸ ನಿಯಮದ ಪುಸ್ತಕ ತರಿಸಿ, ಉಮಾಪತಿಯಿಂದ ಓದಿಸಿಕೊಂಡು, ಹುಡುಗಿಯ ಜೊತೆ ತಾನೂ ಮೊದಲಿನಿಂದ ಕಲಿತ. ಹದಿನೇಳು ವರ್ಷ ರೈಲು, ಬಸ್ಸು, ಊರೂರು ಸುತ್ತಿ ಅವಳು ಈ ವೇದಿಕೆಗೆ ಬಂದಿದ್ದಳು.

ಮೂವತ್ತನಾಲ್ಕನೆಯ ನಡೆ ಅವಳದು, ಕಪ್ಪು ಕಾಯಿ. ಗಡಿಯಾರದಲ್ಲಿ ಹನ್ನೊಂದು ನಿಮಿಷ ಉಳಿದಿತ್ತು. ಜಾರ್ಜಿಯಾದವಳು ಎದ್ದು ಚಹಾದ ಟೇಬಲಿನ ಕಡೆ ಹೋಗಿದ್ದಳು. ಬಲಗಡೆ ಬಿಳಿಯ ಪ್ಯಾದೆಯೊಂದು ಕಾವಲಿಲ್ಲದೆ ನಿಂತಿತ್ತು. ವಜೀರನಿಂದ ಹೊಡೆದರೆ ಅರ್ಧ ಅಲ್ಲ, ಪೂರ್ತಿ ಅಂಕವೇ ಬಂದೀತು. ಭವಾನಿ ಕೈ ಚಾಚಿದಳು. ಎರಡು ಬೆರಳು ವಜೀರನ ತಲೆಯನ್ನು ಹಿಡಿದವು. ಹಿಡಿದ ಮೇಲೆ ಕುದುರೆ ಕಂಡಿತು. ವಜೀರ ಅಲ್ಲಿಂದ ಕದಲಿದರೆ ಬಿಳಿಯ ಕುದುರೆ ಒಳಗೆ ಜಿಗಿಯುತ್ತದೆ, ಆಮೇಲೆ ರಾಜನಿಗೆ ಉಳಿಗಾಲವಿಲ್ಲ.

ಕೆಂಡ ಮುಟ್ಟಿದಂತೆ ಕೈ ಹಿಂದೆ ಬಂತು. ವಜೀರ ಓಲಾಡಿ ಮಗುಚಿ, ಟೇಬಲಿನ ಅಂಚಿನಿಂದ ಉರುಳಿ ಅವಳ ಕಾಲ ಮೇಲೇ ಬಿತ್ತು.

ಪುಸ್ತಕಕ್ಕೆ, ಅಕ್ಕಿಕಾಳಿಗೆ, ಯಾವುದಕ್ಕೆ ಕಾಲು ತಾಗಿದರೂ ನಾವು ಮಾಡುವುದನ್ನೇ ಅವಳೂ ಮಾಡಿದಳು. ಬಗ್ಗಿ ಎತ್ತಿ ಎರಡೂ ಕಣ್ಣಿಗೆ ಒತ್ತಿಕೊಂಡಳು. ಒತ್ತಿಕೊಂಡ ಕೈ ಸ್ವಲ್ಪ ಹೊತ್ತು ಅಲ್ಲೇ ಇತ್ತು. ಆಮೇಲೆ ವಜೀರನನ್ನು ಇದ್ದ ಮನೆಯಲ್ಲೇ ಇಟ್ಟಳು.

ಅಷ್ಟರಲ್ಲಿ ಜಾರ್ಜಿಯಾದವಳು ಚಹಾ ಹಿಡಿದು ಬಂದು ನಿಂತಿದ್ದಳು. ವಜೀರ ಭವಾನಿಯ ಕೈಯಲ್ಲಿದ್ದುದನ್ನು ನೋಡಿದ್ದಳು. ಗಡಿಯಾರ ನಿಲ್ಲಿಸಿ ಕೈ ಎತ್ತಿದಳು. ಆಡಬೇಕೆಂದು ಮುಟ್ಟಿದ ಕಾಯಿಯನ್ನು ನಡೆಸಲೇಬೇಕು, ಅದು ಈ ಆಟದ ಕಟ್ಟಾಜ್ಞೆ.

ಕಾಯಿ ಉರುಳಿದ್ದನ್ನು ದೂರದಿಂದಲೇ ಕಂಡಿದ್ದ ತೀರ್ಪುಗಾರ ರುದ್ರೇಶ ಬಂದ. ಕುಷ್ಟಗಿಯವನು, ನಿಯಮದ ವಿಷಯದಲ್ಲಿ ಭಾಳ ಕಟ್ಟುನಿಟ್ಟು. ಕೆಳಗೆ ಕುಳಿತವರೆಲ್ಲ ಕುತ್ತಿಗೆ ಉದ್ದ ಮಾಡಿದರು. ಅವನು ಭವಾನಿಯನ್ನು ಕೇಳಿದ, "ಕಾಯಿ ಬಿತ್ತು, ಕಾಲು ತಾಗಿತು, ಕಣ್ಣಿಗೊತ್ತಿಕೊಂಡ್ರಿ. ಹೌದಲ್ರಿ?"

"ಹೌದ್ರಿ ಸರ."

ಅದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ.

ರುದ್ರೇಶ ಹೊರದೇಶದವಳಿಗೆ ಇಂಗ್ಲಿಷಿನಲ್ಲಿ ವಿವರಿಸಿದ. ಇದು ನಮ್ಮ ಪದ್ಧತಿ, ಕಾಲು ತಾಗಿದ್ದಕ್ಕೆ ಕ್ಷಮೆ ಕೇಳುವುದು, ಆಡಲು ಮುಟ್ಟಿದ್ದಲ್ಲ ಎಂದು ತನ್ನ ಕಿಸೆಯ ಪೆನ್ನನ್ನೇ ಕೆಳಗೆ ಬೀಳಿಸಿ, ಎತ್ತಿ, ಕಣ್ಣಿಗೊತ್ತಿ ತೋರಿಸಿದ. ಅವಳ ಮುಖ ಮೆತ್ತಗಾಯಿತು. ಎದೆಯ ಮೇಲೆ ಕೈ ಇಟ್ಟು ತಪ್ಪಾಯಿತೆಂದು ಭವಾನಿಗೆ ತಲೆ ಬಾಗಿದಳು. ಗಡಿಯಾರ ಮತ್ತೆ ಓಡಿತು.

ಹತ್ತು ನಿಮಿಷ. ಭವಾನಿಗೆ ಈಗ ಎಲ್ಲ ನಿಚ್ಚಳವಾಗಿ ಕಾಣುತ್ತಿತ್ತು. ಎಡಗಡೆಯ ಆನೆಯನ್ನು ಒಂದು ಮನೆ ಸರಿಸಿದರೆ ಕುದುರೆ ಜಿಗಿಯುವ ಮನೆಗೆ ಇನ್ನೊಂದು ಕಾವಲು ಆಗುತ್ತದೆ, ಆಟ ಸಮ ಆಗುತ್ತದೆ. ಕೆಳಗೆ ಮೊದಲ ಸಾಲಿನಲ್ಲಿ ಅಪ್ಪ ಕೈ ಮುಗಿದು ಕುಳಿತಿದ್ದ. ಪಕ್ಕದಲ್ಲಿ ಹಾಜಿಸಾಬ ಕನ್ನಡಕ ಒರೆಸುತ್ತಿದ್ದ. ಬಿದ್ದದ್ದು ನಿಜ, ಕಾಲು ತಾಗಿದ್ದು ನಿಜ, ತಾನಾಗಿ ಯಾರಿಗೂ ಮೋಸ ಮಾಡಿಲ್ಲ.

ಒಂಬತ್ತು ನಿಮಿಷ. ಮಾಡಿಲ್ಲವೆ? ಕಣ್ಣಿಗೊತ್ತಿಕೊಂಡದ್ದು ರೂಢಿಯಿಂದ, ಅದು ಸರಿ. ಆದರೆ ಒತ್ತಿಕೊಂಡ ಕೈ ಕೆಳಗಿಳಿಯದೆ ಅಲ್ಲೇ ನಿಂತದ್ದು ಯಾಕೆ? ಮುಚ್ಚಿದ ಕಣ್ಣಿನ ಹಿಂದೆ ಅವಳು ಲೆಕ್ಕ ಹಾಕಿದ್ದಳು. ಬರೀ ಬಿತ್ತು ಅಂದುಕೊಳ್ಳಲಿ, ಎಲ್ಲರೂ ಹಾಗೇ ತಿಳಿಯಲಿ ಎಂದು. ನಮಸ್ಕಾರದ ಮರೆಯಲ್ಲಿ ನಿಂತು ಹಾಕಿದ ಲೆಕ್ಕ. ಅದಕ್ಕೇ ಎದುರಿನವಳು ಎದೆ ಮುಟ್ಟಿಕೊಂಡು ತಲೆ ಬಾಗಿದ್ದಳು.

ಎಂಟು ನಿಮಿಷ. ಭವಾನಿಯ ಕೈ ಆನೆಯ ಹತ್ತಿರ ಹೋಯಿತು, ಗೇಣು ದೂರದಲ್ಲಿ ನಿಂತಿತು, ತಿರುಗಿ ಗಡಿಯಾರಕ್ಕೆ ಬಂತು. ನಿಲ್ಲಿಸಿದಳು.

"ಸರ, ಬೀಳೂದಕ್ಕಿಂತ ಮೊದಲ ನಾ ಅದನ್ನ ಹಿಡಿದಿದ್ನಿರಿ. ಆಡಾಕಂತನ ಹಿಡಿದಿದ್ನಿ."

ರುದ್ರೇಶನ ಮುಖ ಕೆಂಪಾಯಿತು. ದನಿ ತಗ್ಗಿಸಿ, "ಆಗ ಹೌದು ಅಂದ್ರೆಲ್ರಿ. ನಮ್ಮ ಪದ್ಧತಿ ಅಂತ ನಾ ಅಕಿ ಮುಂದ ಪೆನ್ನು ಬೀಳಿಸಿ ತೋರಿಸಿದ್ನಿ" ಎಂದ. ಅವನು ನಿಯಮದಂತೆ ಎದುರಾಳಿಗೆ ಎರಡು ನಿಮಿಷ ಹೆಚ್ಚು ಕೊಟ್ಟ. ವಜೀರನನ್ನೇ ನಡೆಸಬೇಕೆಂದು ತೀರ್ಪು ಹೇಳಿ, ಬೆನ್ನು ತಿರುಗಿಸಿ ಹೋದ.

ಉಮಾಪತಿ ಎದ್ದು ಹೊರಗೆ ನಡೆದ.

ಇನ್ನು ಉಳಿದದ್ದು ಸೋಲು ಅಂತ ಭವಾನಿ ಆಗಲೇ ತೀರ್ಮಾನಿಸಿಕೊಂಡಿದ್ದಳು. ವಜೀರನನ್ನು ರಾಜನ ಪಕ್ಕಕ್ಕೆ ಎಳೆದುಕೊಂಡಳು. ಕುದುರೆ ಜಿಗಿಯಿತು. ಆರು ನಡೆಯಲ್ಲಿ ಮುಗಿಯಿತು. ಕೈ ಕುಲುಕಿ, ಕಾಗದಕ್ಕೆ ಸಹಿ ಹಾಕಿದಳು.

ಏಳಲು ಹೋದವಳ ಮಣಿಕಟ್ಟನ್ನು ಜಾರ್ಜಿಯಾದವಳು ಹಿಡಿದು ಕೂರಿಸಿದಳು. ಕಾಯಿಗಳನ್ನು ಮೂವತ್ತನಾಲ್ಕನೆಯ ನಡೆಗೆ ಹಿಂದಿರುಗಿಸಿ ಜೋಡಿಸಿದಳು. ಕಪ್ಪು ವಜೀರನನ್ನು ಎತ್ತಿ, ಮೂಲೆಯಲ್ಲಿದ್ದ ತನ್ನ ಬಿಳಿಯ ಆನೆಯ ಬಾಯಿಗೇ ನೇರ ಇಟ್ಟಳು. ಭವಾನಿ ತಲೆ ಅಲ್ಲಾಡಿಸಿದಳು. ಎದುರಿನವಳು ಆನೆಯಿಂದ ವಜೀರನನ್ನು ಹೊಡೆದು ತೋರಿಸಿದಳು. ಈಗ ಭವಾನಿಯ ಕುದುರೆ ಶಹ, ಅಂದರೆ ಚೆಕ್, ಕೊಡುತ್ತದೆ. ಬಿಳಿಯ ರಾಜ ಸರಿಯಬೇಕು. ಮತ್ತೆ ಶಹ. ರಾಜ ಮೊದಲಿನ ಮನೆಗೇ ಬರಬೇಕು. ಮತ್ತೆ ಶಹ. ತಪ್ಪಿಸಿಕೊಳ್ಳಲು ಬೇರೆ ಜಾಗವೇ ಇಲ್ಲ. ಆನೆ ಹೊಡೆಯದೆ ಬಿಟ್ಟರೂ ವಜೀರನೇ ಶಹ ಕೊಡುತ್ತಾ ಹೋಗುತ್ತದೆ. ಹೀಗೆ ಒಂದೇ ಸ್ಥಿತಿ ಮೂರು ಸಲ ಬಂದರೆ ಆಟ ಸಮ. ಅರ್ಧ ಅಂಕ.

ತೀರ್ಪು ಬಂದ ಮೇಲೆ ನೀನು ಇದನ್ನು ಆಡಬಹುದೆಂದು ನನ್ನ ಜೀವ ಬಾಯಿಗೆ ಬಂದಿತ್ತು, ಎಂದು ಅವಳು ತನ್ನ ಮುರುಕು ಇಂಗ್ಲಿಷಿನಲ್ಲಿ ಹೇಳಿದಳು.

ಭವಾನಿ ವಜೀರನನ್ನು ಮುಟ್ಟಿದ್ದಕ್ಕೆ ಸೋತಿರಲಿಲ್ಲ. ನಿಜ ಹೇಳಿದ್ದಕ್ಕೂ ಸೋತಿರಲಿಲ್ಲ. ಹೇಳಿದ ಮೇಲೆ ನೋಡುವುದನ್ನು ಬಿಟ್ಟದ್ದಕ್ಕೆ ಸೋತಿದ್ದಳು.

ಹಾಜಿಸಾಬ ವೇದಿಕೆ ಹತ್ತಿ ಬಂದು ಬೆನ್ನ ಹಿಂದೆ ನಿಂತಿದ್ದ. ಅವನಿಗೂ ಆ ಮನೆ ಈಗಲೇ ಕಂಡದ್ದು.

"ಖರೇ ಹೇಳಿದ್ದು ಛಲೋ ಆತು, ಬೇಟಿ. ಆದ್ರ ಆಮ್ಯಾಲೆ ನೀ ಆಡಿದ್ದು ಆಟ ಅಲ್ಲ. ಹೆಣಾ ಕಾಯ್ಕೊಂತ ಕುಂತಂಗ ಕುಂತಿದ್ದಿ."

"ಹೌದು ಚಾಚಾ."

ಕೆಳಗೆ ಆಳುಗಳು ಮರುದಿನದ ಮದುವೆಗೆ ಕುರ್ಚಿ ತಿರುಗಿಸಿ ಹಾಕತೊಡಗಿದ್ದರು. ಉಮಾಪತಿ ಒಳಗೆ ಬಂದ. ಅತ್ತು ಮುಖ ತೊಳೆದುಕೊಂಡಿದ್ದ, ಅಂಗಿಯ ಕೊರಳು ಒದ್ದೆಯಾಗಿತ್ತು. ಕೊಪ್ಪಳದ ಬಸ್ಸಿಗೆ ಹೊತ್ತಾಯಿತು, ನಾಳೆ ಗಂಟು ಕಟ್ಟಿಕೊಂಡು ಸೋಮವಾರ ಬೆಳಿಗ್ಗೆ ಕುಷ್ಟಗಿಗೆ ಹೋಗಬೇಕಲ್ಲ, ಎಂದು ನೆಲ ನೋಡುತ್ತ ಹೇಳಿದ.

ಭವಾನಿ ಬೋರ್ಡಿನಿಂದ ಕಣ್ಣು ತೆಗೆಯಲಿಲ್ಲ. "ಸೋಮವಾರ ಬರೂದಿಲ್ಲಂತ ಸಾಲಿಯವರಿಗೆ ಫೋನ್ ಹಚ್ಚಿ ಹೇಳಪಾ."

ಉಮಾಪತಿ ತಲೆ ಎತ್ತಿದ. "ಕೊಟ್ಟ ಮಾತು?" ಎಂದ.

"ಮುರೀತೀನಿ. ಬೈಯೂದಿದ್ರ ಮನಿಗೆ ಹೋದ ಮ್ಯಾಲೆ ಬೈಯಪಾ."

"ಅವರಿಗೆ ಏನ್ ಕಾರಣ ಹೇಳ್ಲಿ?"

"ಒಂದು ಮನಿ ನೋಡೂದು ಉಳದಿತ್ತು ಅಂತ ಹೇಳು."

ಉಮಾಪತಿಗೆ ಅರ್ಥವಾಗಲಿಲ್ಲ. ಹಾಜಿಸಾಬನ ಮುಖ ನೋಡಿದ. ಹಾಜಿಸಾಬ ಕುರ್ಚಿ ಎಳೆದು ಅವನನ್ನು ಕೂರಿಸಿ, ಬೋರ್ಡಿನ ಮೂಲೆಗೆ ಬೆರಳು ಮಾಡಿದ. ಭವಾನಿ ಕಾಯಿಗಳನ್ನು ಮತ್ತೆ ಮೂವತ್ತನಾಲ್ಕನೆಯ ನಡೆಗೆ ಜೋಡಿಸಿ, ಎದುರಿನವಳಿಗೆ ಇನ್ನೊಮ್ಮೆ ಎಂದು ಸನ್ನೆ ಮಾಡಿದಳು.