ಲಿಂಬು ಕಟ್ಟಿದ ಡೆಮೊ ಟೇಬಲ್

ಮಿರಜದ ಮಾರ್ಕೆಟ್ಟಿನ ಹಿಂದಿನ ಓಣಿಯಲ್ಲಿ ಕಾಯಿಪಲ್ಲೆ ತರಲು ಹೊರಟ ಹೆಂಗಸರನ್ನು ಎಣಿಸುತ್ತ ನಿಂತರೆ, ಹತ್ತರಲ್ಲಿ ಮೂವರ ಕೈಯಲ್ಲಾದರೂ ಒಂದು ಬಿಳಿ ಬಟ್ಟೆಚೀಲ ಕಾಣಿಸುತ್ತದೆ. ಚೀಲದ ಮೇಲೆ ನೇರಳೆ ಬಣ್ಣದ ದ್ರಾಕ್ಷಿ ಗೊಂಚಲು, ಅದರ ತೊಟ್ಟಿಗೆ ಅಂಟಿಕೊಂಡ ಒಂದು ಹಸಿರು ಎಲೆ. ಆ ಚೀಲಗಳೆಲ್ಲ ಮನಿಷಾಳ ಕೈಯಿಂದ ಬಂದವು. ಒಂದನ್ನೂ ಆಕೆ ಮಾರಿದ್ದಲ್ಲ.

ಅವಳ ಮಾವ ಗುರುಸಿದ್ಧಪ್ಪನವರದು ಸ್ಕ್ರೀನ್ ಪ್ರಿಂಟಿಂಗ್ ಸಾಮಾನಿನ ಅಂಗಡಿ. ಬಣ್ಣದ ಡಬ್ಬಿ, ಜಾಲರಿ ಬಟ್ಟೆ ಬಿಗಿದ ಚೌಕಟ್ಟು, ಬಣ್ಣ ಎಳೆಯುವ ರಬ್ಬರ್ ಪಟ್ಟಿ ಎಲ್ಲ ಅಲ್ಲಿ ಸಿಗುತ್ತವೆ. ಎಲ್ಲಕ್ಕಿಂತ ಮುಖ್ಯವಾದದ್ದು ಪ್ರಿಂಟಿಂಗ್ ಟೇಬಲ್. ಒಂದು ಹಲಗೆ, ಅದಕ್ಕೊಂದು ಕಬ್ಬಿಣದ ತೋಳು. ಚೌಕಟ್ಟನ್ನು ಹಿಡಿದುಕೊಂಡ ಆ ತೋಳು ಬಾವಿಯ ಏತದ ಹಾಗೆ ಮೇಲೆ ಏಳಬೇಕು, ಕೆಳಗೆ ಇಳಿಯಬೇಕು. ಬಣ್ಣಕ್ಕೊಂದು ಚೌಕಟ್ಟು. ಪ್ರತಿ ಸಲವೂ ತೋಳು ಇಳಿದ ಜಾಗಕ್ಕೇ ಇಳಿದರೆ ಎಲೆ ತೊಟ್ಟಿಗೆ ಕೂರುತ್ತದೆ, ಇಲ್ಲದಿದ್ದರೆ ಇಲ್ಲ. ಇಡೀ ದಂಧೆಯ ಮರ್ಮ ಇಷ್ಟೇ.

ಟೇಬಲ್ ಕೊಳ್ಳಲು ಬಂದವರ ಕಣ್ಣೆದುರಿಗೆ ಒಂದು ಚೀಲ ಒತ್ತಿ ತೋರಿಸಬೇಕು. ಅವರು ಟೇಬಲ್ ಕೊಂಡರೂ ಬಿಟ್ಟರೂ ಚೀಲ ಅವರದೇ. ಇದು ಗುರುಸಿದ್ಧಪ್ಪನವರು ಹಾಕಿಕೊಂಡ ಪದ್ಧತಿ. "ಚೀಲಾ ಒಯ್ರಿ, ಮನಿಗ ಹೋಗಿ ವಿಚಾರ ಮಾಡ್ರಿ," ಎಂದು ಅವರು ಗಾದಿಯ ಮೇಲಿಂದ ಹೇಳಿದರೆ ಅರ್ಧ ವ್ಯಾಪಾರ ಅಲ್ಲೇ ಮುಗಿಯುತ್ತಿತ್ತು. ಮನೆಗೆ ಹೋದವರು ಎಲೆಯನ್ನು ನೋಡಿ ನೋಡಿ ಮರಳಿ ಬರುತ್ತಿದ್ದರು. ಕುಪವಾಡದ ಕೈಗಾರಿಕಾ ವಸಾಹತಿನಲ್ಲಿ ಕಾರಖಾನೆ ಇಟ್ಟಿರುವ ಮಯೂರ ದೀಪಾವಳಿಗೆ ಹೊಸ ಟೇಬಲ್ ಮಾಡಿ ಕಳಿಸಿದ ಮೇಲಂತೂ ಮನಿಷಾ ಹದಿನಾಲ್ಕು ಮಾರಿದ್ದಳು. ಹದಿನಾಲ್ಕನ್ನೂ ಕೊಂಡವರು ಅವಳ ಚೀಲ ನೋಡಿಯೇ ಕೊಂಡವರು.

ಆ ಗುರುವಾರ ಸುನಂದಾಬಾಯಿ ಬಂದು ಸ್ಟೂಲಿನ ಮೇಲೆ ಕುಳಿತಳು. ಖಂಡೇರಾಜುರಿಯ ಮಹಿಳಾ ಬಚತ ಗಟದಲ್ಲಿ, ಎಂದರೆ ಹೆಂಗಸರ ಉಳಿತಾಯ ಸಂಘದಲ್ಲಿ, ಧೈರ್ಯ ಮಾಡಿ ಮೊದಲು ಟೇಬಲ್ ಕೊಂಡವಳು ಅವಳೇ. ಸೆರಗಿನೊಳಗೆ ಏನನ್ನೋ ಬಚ್ಚಿಟ್ಟುಕೊಂಡಿದ್ದಳು. ಮನಿಷಾಳನ್ನು ಅವಳು ವೈನಿ, ಅಂದರೆ ಅತ್ತಿಗೆ, ಎಂದೇ ಕರೆಯುತ್ತಿದ್ದಳು.

"ವೈನಿ, ಇನ್ನೊಂದ ಸಲ ಕಲಿಸ್ರಿ. ನನ್ನ ಕೈ ಕೆಟ್ಟೈತಿ."

"ಕೈಗೇನಾಗೇತ್ರಿ? ಮೂರ ಸಲ ಕಲತ ಹೋಗೀರಲ್ಲ."

ಸುನಂದಾಬಾಯಿ ಸೆರಗಿನೊಳಗಿನ ಚೀಲ ತೆಗೆದು ತೊಡೆಯ ಮೇಲೆ ಹಾಸಿದಳು. ಎಲೆ ಗೊಂಚಲನ್ನು ಬಿಟ್ಟು ಅರ್ಧ ಬೆರಳು ದೂರ ಹೋಗಿ ನಿಂತಿತ್ತು, ಮುನಿಸಿಕೊಂಡು ತವರಿನ ಬಸ್ಸಿಗೆ ಕಾಯುವ ಸೊಸೆಯ ಹಾಗೆ.

ಮನಿಷಾ ಅವಳನ್ನು ಡೆಮೊ ಟೇಬಲ್ಲಿನ ಮುಂದೆ ನಿಲ್ಲಿಸಿದಳು. ಸುನಂದಾಬಾಯಿ ಗೊಂಚಲು ಒತ್ತಿದಳು, ಒಣಗಲು ಬಿಟ್ಟಳು, ಚೌಕಟ್ಟು ಬದಲಿಸಿ ಎಲೆ ಒತ್ತಿದಳು. ಎಲೆ ತೊಟ್ಟಿಗೇ ಕುಳಿತಿತು. ಅದನ್ನು ನೋಡಿ ಅವಳ ಮುಖ ಇನ್ನಷ್ಟು ಸಣ್ಣದಾಯಿತು.

"ನೋಡ್ರಿ, ಇಲ್ಲಿ ಬರತೈತಿ. ಮನಿಗ ಹ್ವಾದ್ರ ಹೋಗತೈತಿ. ಟೇಬಲ್ಲಿನ ಮಾರಿ ಪೂರ್ವಕ್ಕ ಮಾಡಿದೆ. ಪಡಸಾಲಿಂದ ದೇವರ ಖೋಲಿಗೆ ಒಯ್ದೆ. ಕಡೀಕ ನಮ್ಮ ಅತ್ತಿ ಲಿಂಬು-ಮೆಣಸಿನಕಾಯಿ ಕಟ್ಟಿದ್ಲು."

"ಕಟ್ಟಿದ ಮ್ಯಾಲೆ?" ಗಾದಿಯಿಂದ ಗುರುಸಿದ್ಧಪ್ಪನವರು ಕೇಳಿದರು.

"ಎಲಿ ಮತ್ತಷ್ಟ ದೂರ ಹೋತ್ರಿ ಕಾಕಾ."

ಅವರು ನಕ್ಕರು. ಸುನಂದಾಬಾಯಿಯೂ ನಕ್ಕಳು, ಆದರೆ ಅವಳ ಕಣ್ಣು ನಗಲಿಲ್ಲ. ಬೇದಾಣೆಯ, ಎಂದರೆ ಒಣದ್ರಾಕ್ಷಿಯ, ವ್ಯಾಪಾರಿಯೊಬ್ಬರು ಐನೂರು ಚೀಲ ಒತ್ತಿಕೊಡಲು ಹೇಳಿದ್ದರು. ಇನ್ನು ಹತ್ತು ದಿನ ಉಳಿದಿತ್ತು. "ರೊಟ್ಟಿ ಬಡಿಯೋ ಕೈಗೆ ಇಂಥಾ ಉಸಾಬರಿ ಯಾಕಂತ ಮನ್ಯಾಗ ಅಂತಾರ. ಖರೇನ ಇರಬೇಕ್ರಿ," ಎಂದು ಚೀಲವನ್ನು ಮಡಚಿ ಮತ್ತೆ ಸೆರಗಿನೊಳಗೆ ಸೇರಿಸಿದಳು.

ಆ ಮಾತು ಮನಿಷಾಳ ಜೊತೆ ಮನೆಯವರೆಗೂ ಬಂತು. ರಾತ್ರಿ ರೊಟ್ಟಿ ಬಡಿಯುವಾಗ ತನ್ನ ಕೈಯನ್ನೇ ಎರಡು ಸಲ ನೋಡಿಕೊಂಡಳು. ತೆಳ್ಳಗೆ, ದುಂಡಗೆ, ಎಲ್ಲಿಯೂ ಹರಿಯದ ಹಾಗೆ ರೊಟ್ಟಿ ಬಡಿಯುವ ಕೈ ಒಂದು ಎಲೆಯನ್ನು ಕೂರಿಸಲಾರದೆ?

ಶುಕ್ರವಾರ ಮಕ್ಕಳ ಡಬ್ಬಿ ಕಟ್ಟಿ, ಬಟ್ಟೆ ಒಣಹಾಕಿ, ಸ್ಕೂಟಿ ಹತ್ತಿ ಖಂಡೇರಾಜುರಿಗೆ ಹೋದಳು. ಸುನಂದಾಬಾಯಿಯ ಟೇಬಲ್ ದೇವರ ಕೋಣೆಯಲ್ಲಿತ್ತು, ಕಾಲಿಗೆ ಲಿಂಬು, ಹಲಗೆಯ ಮೂಲೆಗೆ ಕುಂಕುಮ. ಮನಿಷಾ ತೋಳಿನ ತುದಿ ಹಿಡಿದು ಎಡಕ್ಕೂ ಬಲಕ್ಕೂ ಅಲ್ಲಾಡಿಸಿದಳು. ಅದು ಹಾಲುಹಲ್ಲಿನ ಹಾಗೆ ಅಲ್ಲಾಡಿತು. ಅಂಗಡಿಯ ಟೇಬಲ್ಲಿನ ತೋಳು ಒಂದು ದಿನವೂ ಹಾಗೆ ಅಲ್ಲಾಡಿದ್ದಿಲ್ಲ.

"ಸುನಂದಾಬಾಯಿ, ನಿಮ್ಮ ಕೈ ಛಲೋ ಐತ್ರಿ," ಎಂದಷ್ಟೇ ಹೇಳಿದಳು. ಉಳಿದದ್ದನ್ನು ತಾನೇ ಮೊದಲು ತಿಳಿದುಕೊಳ್ಳಬೇಕಿತ್ತು.

ಅಂಗಡಿಗೆ ಮರಳಿ ಬೋಲ್ಟು ಬಿಚ್ಚುವ ಪಾನಾ ಹಿಡಿದು ಡೆಮೊ ಟೇಬಲ್ಲಿನ ಕೀಲು ಬಿಚ್ಚಿದಳು. ಒಳಗೆ ಕೂಸಿನ ಬಳೆಯಂಥ ಒಂದು ಚಿಕ್ಕ ಉಂಗುರ. ಕಾರಖಾನೆಯವರು ಅದಕ್ಕೆ ಬುಶ್ ಅನ್ನುತ್ತಾರೆ. ಹಳದಿಯಾಗಿ ಹೊಳೆಯುವ ಕಂಚಿನದು. ಮಾರಲು ಇಟ್ಟಿದ್ದ ಹೊಸ ಟೇಬಲ್ಲಿನ ಪೆಟ್ಟಿಗೆ ಒಡೆದು ಅದರ ಕೀಲನ್ನೂ ಬಿಚ್ಚಿದಳು. ಬಿಳಿ ಪ್ಲಾಸ್ಟಿಕ್ಕಿನ ಬುಶ್, ದುಡಿದಂತೆ ಸವೆಯುವಂಥದ್ದು. ಎರಡನ್ನೂ ಅಂಗೈಯಲ್ಲಿ ಪಕ್ಕ ಪಕ್ಕ ಇಟ್ಟು ನೋಡಿದಳು. ಹದಿನಾಲ್ಕು ಮಂದಿಗೆ ತಾನು ಒಂದನ್ನು ತೋರಿಸಿ ಇನ್ನೊಂದನ್ನು ಕೊಟ್ಟಿದ್ದಳು. ಗೊತ್ತಿರಲಿಲ್ಲ, ನಿಜ. ಆದರೆ ಒತ್ತಿ ತೋರಿಸಿದ್ದು ತನ್ನದೇ ಕೈ.

ಶನಿವಾರ ಬೆಳಿಗ್ಗೆ ಕುಪವಾಡಕ್ಕೆ ಹೋಗಿ ಎರಡನ್ನೂ ಮಯೂರನ ಮೇಜಿನ ಮೇಲೆ ಇಟ್ಟಳು. ಮಯೂರ ಕೆಟ್ಟವನಲ್ಲ. ಅವನ ತಂದೆಯೂ ಗುರುಸಿದ್ಧಪ್ಪನವರೂ ಒಂದೇ ಸೈಕಲ್ಲಿನ ಮೇಲೆ ಸಾಂಗಲಿ ತಿರುಗಿ ದಂಧೆ ಕಟ್ಟಿದವರು. ಅವನು ಎರಡೂ ಬುಶ್ ನೋಡಿ, ಚಹಾ ಹೇಳಿ, ಕುರ್ಚಿ ಸರಿಸಿದ.

"ಕುಂದರ್ರಿ ವೈನಿ. ಕಂಚಿಂದು ಹಾಕಿದ್ರ ರೇಟ್ ಏರತೈತಿ, ಗಿರಾಕಿ ಸಾಂಗಲಿ ಅಂಗಡಿಗೆ ಹೋಗತಾನ. ಒಂದ ಬಣ್ಣದ ಕೆಲಸಕ್ಕ ಪ್ಲಾಸ್ಟಿಕ್ ಭೇಷ್ ನಡೀತೈತಿ."

"ನಾ ತೋರಿಸಿದ್ದು ಎರಡ ಬಣ್ಣ."

"ಡೆಮೊ ಅಂದ್ರ ಡೆಮೊ. ಹೆಣ್ಣ ತೋರಸೋ ದಿನ ಯಾರರ ಹಳೇ ಸೀರಿ ಉಡಸ್ತಾರೇನ್ರಿ?"

"ಸೀರಿ ಯಾವದರ ಉಡಸ್ರಿ ಮಯೂರಭಾವು. ತೋರಿಸಿದ ಹೆಣ್ಣನ್ನ ಕಳಸ್ರಿ."

ಮಯೂರ ನಕ್ಕುಬಿಟ್ಟ. ನಕ್ಕ ಮೇಲೆ ಸುನಂದಾಬಾಯಿಗೆ ಒಂದು ಕಂಚಿನ ಬುಶ್ ಕೊಡುತ್ತೇನೆಂದ. ಉಳಿದ ಹದಿಮೂರು ಮಂದಿ? ಅವರು ಯಾರೂ ತಕರಾರು ಮಾಡಿಲ್ಲವಲ್ಲ ಎಂದ. ಮತ್ತೆ ದನಿ ಇಳಿಸಿ, "ಸೋಮವಾರ ಎಂಟ ಬಚತ ಗಟದವರು ಬರಾತಾರ. ಎಂಟ ಟೇಬಲ್. ಅದೊಂದ ಆಗ್ಲಿ ವೈನಿ, ಆಮ್ಯಾಲೆ ಮಾತಾಡೂಣು," ಎಂದ.

ತಕರಾರು ಯಾಕೆ ಬಂದಿಲ್ಲವೆಂಬುದು ಮನಿಷಾಳಿಗೆ ಈಗ ಗೊತ್ತಿತ್ತು. ಹದಿಮೂರು ಮನೆಗಳಲ್ಲಿ ಹದಿಮೂರು ಜನ ತಮ್ಮ ಕೈಯನ್ನೇ ಬೈದುಕೊಳ್ಳುತ್ತಿದ್ದರು.

ಮಾವನೂ ಅದನ್ನೇ ಹೇಳಿದರು. "ಸೋಮವಾರ ಮುಗೀಲಿ ಬೇಟಾ. ಅಂಗಡಿ ಹೆಸರ ಒಮ್ಮೆ ಹೋತಂದ್ರ ಈ ವಯಸ್ಸಿನ್ಯಾಗ ನಾ ಎಲ್ಲಿಂದ ತರಲಿ?"

"ಹೆಸರ ಹೋಗಬಾರದಂತನ ಹೇಳಾತೇನ್ರಿ ಮಾವಾರ. ಈ ಟೇಬಲ್ ಮ್ಯಾಲೆ ಸೋಮವಾರ ನಾ ಚೀಲಾ ಒತ್ತಂಗಿಲ್ಲ."

ಗುರುಸಿದ್ಧಪ್ಪನವರು ಊದಿನಕಡ್ಡಿ ಹುಡುಕತೊಡಗಿದರು. ಅದು ಅವರ ಮುಂದೆಯೇ ಇತ್ತು.

ರವಿವಾರ ಬೆಳಿಗ್ಗೆ ಮನಿಷಾ ಗಂಡ ಬಸವಪ್ರಸಾದನಿಗೆ ಎರಡನೇ ಕಪ್ ಚಹಾ ಕೊಟ್ಟಳು. ರವಿವಾರ ಕೇಳದೆಯೇ ಎರಡನೇ ಚಹಾ ಬಂದರೆ ಏನೋ ಭಾರ ಎತ್ತುವುದಿದೆ ಎಂದು ಹನ್ನೆರಡು ವರ್ಷದ ಸಂಸಾರದಲ್ಲಿ ಅವನು ಕಲಿತಿದ್ದ. ಡೆಮೊ ಟೇಬಲ್ಲಿನ ಕೀಲಿಗೆ ಕಂಚಿನ ಬುಶ್ ಮರಳಿ ಹಾಕಿ, ಇಬ್ಬರೂ ಸೇರಿ ಅದನ್ನು ಟೆಂಪೋಕ್ಕೆ ಏರಿಸಿ ಖಂಡೇರಾಜುರಿಯಲ್ಲಿ ಇಳಿಸಿದರು. ಸುನಂದಾಬಾಯಿಯ ಟೇಬಲ್ಲನ್ನು ಕುಂಕುಮ, ಲಿಂಬು ಸಮೇತ ಅಂಗಡಿಗೆ ತಂದು ಡೆಮೊ ಜಾಗದಲ್ಲಿ ನಿಲ್ಲಿಸಿದರು.

"ಲಿಂಬು ಬಿಚ್ಚಲೇನ?" ಬಸವಪ್ರಸಾದ ಕೇಳಿದ.

"ಇರ್ಲಿ ಬಿಡ್ರಿ. ಪಾಪ, ಅದರದೇನ ತಪ್ಪೈತಿ."

ಸೋಮವಾರ ಹನ್ನೊಂದಕ್ಕೆ ಲಿಂಗನೂರಿನ ಕಡೆಯಿಂದ ಜೀಪು ಬಂತು. ಗಟಕ್ಕೊಬ್ಬರಂತೆ ಎಂಟು ಹೆಂಗಸರು ಇಳಿದರು. ಮುಂದೆ ಕೆಂಪವ್ವ, ಒಂದು ಗಟದ ಅಧ್ಯಕ್ಷೆ; ಸೀರೆ ಕೊಳ್ಳುವಾಗ ದಾರ ಎಳೆದು ನೋಡುವ ಜಾತಿಯವಳು. ಅವರ ಹಿಂದೆಯೇ ಇಸ್ತ್ರಿ ಅಂಗಿ ಹಾಕಿಕೊಂಡು ಮಯೂರನೂ ಬಂದ. ಕೈಯಲ್ಲಿ ಪೇಢೆಯ ಬಾಕ್ಸ್ ಇತ್ತು. ಟೇಬಲ್ಲಿನ ಕಾಲಿಗೆ ಕಟ್ಟಿದ ಲಿಂಬು ನೋಡಿ ಹುಬ್ಬು ಗಂಟಿಕ್ಕಿದ.

ಮನಿಷಾ ಗೊಂಚಲು ಒತ್ತಿದಳು. ಚೌಕಟ್ಟು ಬದಲಿಸಿ ಎಲೆ ಒತ್ತಿದಳು. ತೋಳು ಮೇಲೆತ್ತಿದಾಗ ಎಂಟೂ ತಲೆಗಳು ಚೀಲದ ಮೇಲೆ ಬಾಗಿದವು.

"ಎಲಿ ಎಲ್ಲಿಗ ಹೊಂಟೈತ್ರಿ?" ಕೆಂಪವ್ವ ಕೇಳಿದಳು. ಹೆಂಗಸರೆಲ್ಲ ಸೆರಗು ಬಾಯಿಗೆ ಹಿಡಿದು ನಕ್ಕರು.

ಮನಿಷಾಳ ಕಿವಿ ಬಿಸಿಯಾಗಿತ್ತು. ಆದರೂ ದನಿ ನೆಟ್ಟಗಿತ್ತು. "ನಿಮ್ಮ ಮನಿಗ ಬರೋ ಟೇಬಲ್ ಇದ ಐತ್ರಿ, ಮೂರ ತಿಂಗಳ ದುಡದದ್ದು. ಇಷ್ಟ ದಿನ ನಾ ಬ್ಯಾರೆ ಟೇಬಲ್ ಮ್ಯಾಲೆ ತೋರಿಸಿ ಇದನ್ನ ಮಾರೇನಿ. ನನಗೂ ಗೊತ್ತಿರಲಿಲ್ಲ. ಈಗ ಗೊತ್ತಾಗೇತಿ, ಅದಕ್ಕ ಇದರ ಮ್ಯಾಲೇ ತೋರಸಾಕತ್ತೇನಿ."

ಕೆಂಪವ್ವ ಬಾಗಿಲ ಕಡೆ ತಿರುಗಿದಳು. "ಮಾಡಿದವರು ನೀವೇನ್ರಿ? ಬರ್ರಿ, ನೀವರ ಒತ್ತಿ ತೋರಸ್ರಿ."

ಮಯೂರ ಪೇಢೆಯ ಬಾಕ್ಸ್ ಕೆಳಗಿಟ್ಟು ಅಂಗಿಯ ತೋಳು ಮಡಚಿದ. ಮೊದಲ ಚೀಲದಲ್ಲಿ ಎಲೆ ಬಲಕ್ಕೆ ಹೋಯಿತು. ಎರಡನೆಯದರಲ್ಲಿ ಎಡಕ್ಕೆ. ಮೂರನೆಯದನ್ನು ಉಸಿರು ಹಿಡಿದು ಒತ್ತಿದ; ಎಲೆ ಗೊಂಚಲಿನ ಹೊಟ್ಟೆಯ ಮೇಲೆ ಕುಳಿತಿತು. ಅವನ ಇಸ್ತ್ರಿ ಅಂಗಿಯ ಬೆನ್ನು ಒದ್ದೆಯಾಗಿತ್ತು. ಹೊಸದಿದ್ದಾಗ ಒಂದು ಸಲ ಅಲ್ಲಾಡಿಸಿ ನೋಡಿ ಪ್ಯಾಕ್ ಮಾಡುವುದಷ್ಟೇ ಅವನಿಗೆ ಗೊತ್ತಿತ್ತು. ಮೂರು ತಿಂಗಳು ದುಡಿದ ತನ್ನ ಟೇಬಲ್ಲಿನ ಮುಂದೆ ಅವನು ನಿಂತದ್ದು ಇದೇ ಮೊದಲು.

"ಭಾವು, ನಿಮ್ಮ ಕೈ ಕೆಟ್ಟೈತೇನ್ರಿ?" ಕೆಂಪವ್ವ ಬಹಳ ಅಕ್ಕರೆಯಿಂದ ಕೇಳಿದಳು. "ಲಿಂಬೂನೂ ಕಟ್ಟೀರಿ."

ಯಾರೂ ಟೇಬಲ್ ಬೇಕೆಂದು ಹೇಳಲಿಲ್ಲ. ಹೆಂಗಸರು ಎದ್ದು ಚಪ್ಪಲಿ ಹುಡುಕತೊಡಗಿದರು. ಮೇಜಿನ ಮೇಲೆ ಸೊಟ್ಟ ಎಲೆಯ ನಾಲ್ಕು ಚೀಲ ಉಳಿದಿದ್ದವು. ಅವು ಊರೂರು ತಿರುಗಿದರೆ ಏನಾಗುತ್ತದೆಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಮನಿಷಾ ಮಾವನ ಕಡೆ ನೋಡಿದಳು. ಒತ್ತಿ ತೋರಿಸಿದ ಚೀಲ ಬಂದವರದೇ ಎಂಬ ಪದ್ಧತಿ ಅವರದು. ಮುರಿಯುವುದಿದ್ದರೆ ಅವರೇ ಮುರಿಯಬೇಕು.

ಗುರುಸಿದ್ಧಪ್ಪನವರು ಗಾದಿ ಇಳಿದು ಬಂದರು. ನಾಲ್ಕೂ ಚೀಲ ಮಡಚಿ ಕೆಂಪವ್ವನ ಕೈಗೆ ಕೊಟ್ಟರು.

"ಚೀಲಾ ಒಯ್ರಿ," ಎಂದರು. "ಮನಿಗ ಹೋಗಿ ವಿಚಾರ ಮಾಡ್ರಿ."

ಮಯೂರ ಹೇಳದೆ ಹೊರಟುಹೋದ. ಪೇಢೆಯ ಬಾಕ್ಸನ್ನು ಎರಡು ದಿನ ಯಾರೂ ಮುಟ್ಟಲಿಲ್ಲ. ಮೂರನೆಯ ದಿನ ಹಾಳಾದೀತೆಂದು ಮನಿಷಾ ಓಣಿಯ ಮಕ್ಕಳಿಗೆ ಹಂಚಿದಳು. ಆ ಮೂರು ದಿನವೂ ಮಾವ ಅವಳ ಜೊತೆ ಉಪ್ಪು, ಚಹಾ, ಕೀಲಿಕೈ ಇಷ್ಟರ ಮಾತನ್ನೇ ಆಡಿದರು. ಸೊಟ್ಟ ಎಲೆಯ ಚೀಲ ಮಾರ್ಕೆಟ್ಟಿನಲ್ಲಿ ಕಂಡಿತೆಂದು ಬಸವಪ್ರಸಾದ ಬಂದು ಹೇಳಿದಾಗ ಅವರು ಊಟ ಅರ್ಧಕ್ಕೆ ಬಿಟ್ಟೆದ್ದರು.

ಗುರುವಾರ ಮಯೂರ ಬಂದ. ಸಾದಾ ಅಂಗಿ, ಕೈಯಲ್ಲಿ ಸ್ಟೀಲ್ ಊಟದ ಡಬ್ಬಿ. ಮುಚ್ಚಳ ತೆಗೆದರೆ ಒಳಗೆ ಕಂಚಿನ ಬುಶ್‌ಗಳು, ಎಣ್ಣೆ ಸವರಿ ಸಾಲಾಗಿ ಇಟ್ಟದ್ದು, ಬೇಸನ್ ಉಂಡೆಯ ಹಾಗೆ.

"ಉಳಿದ ಹದಿಮೂರೂ ಮನಿ ವಿಳಾಸ ಕೊಡ್ರಿ ವೈನಿ. ನಾನ ಹೋಗಿ ಹಾಕಿ ಬರತೇನಿ." ಒಂದು ಬುಶ್ ಕೈಗೆತ್ತಿಕೊಂಡು, "ಮೊದಲ ಇದಕ್ಕ ಹಾಕತೇನಿ," ಎಂದು ಲಿಂಬು ಕಟ್ಟಿದ ಟೇಬಲ್ಲಿನ ಮುಂದೆ ಕುಕ್ಕರಗಾಲಿನಲ್ಲಿ ಕುಳಿತ.

ಬುಶ್ ಹಾಕಿದ ಮೇಲೆ ಗುರುಸಿದ್ಧಪ್ಪನವರು ತಾವೇ ಬಂದು ತೋಳಿನ ತುದಿ ಹಿಡಿದು ಅಲ್ಲಾಡಿಸಿದರು. ಅದು ಅಲ್ಲಾಡಲಿಲ್ಲ. "ಚಹಾ ಮಾಡ ಬೇಟಾ," ಎಂದರು ಸೊಸೆಗೆ. "ಮಯೂರಗ ಸಕ್ಕರಿ ಕಮ್ಮಿ."

ಎಂಟರಲ್ಲಿ ಐದು ಗಟದವರು ಮರಳಿ ಬಂದರು. ಮೂವರು ಸಾಂಗಲಿಯಲ್ಲಿ ಅಗ್ಗದ ಟೇಬಲ್ ತೆಗೆದುಕೊಂಡರು. ಅವರಿಗೆ ಒಂದೇ ಬಣ್ಣ ಸಾಕಿತ್ತು. ಸುನಂದಾಬಾಯಿಯ ಐನೂರು ಚೀಲ ಒಂದು ದಿನ ಮೊದಲೇ ಮುಗಿದವು. ನಿಮ್ಮ ಟೇಬಲ್ ಮರಳಿ ತಂದುಕೊಡಲೇ ಎಂದು ಮನಿಷಾ ಕೇಳಿದ್ದಕ್ಕೆ ಅವಳು, "ಬ್ಯಾಡ್ರಿ, ಇದು ನಮ್ಮ ಮನಿಗ ಹೊಂದಿಕೊಂಡೈತಿ. ಅತ್ತಿ ಇದಕ್ಕೂ ಒಂದ ಲಿಂಬು ಕಟ್ಟ್ಯಾಳ," ಎಂದಳು.

ಹಾಗಾಗಿ ಮಿರಜದ ಅಂಗಡಿಯ ಡೆಮೊ ಟೇಬಲ್ಲಿನ ಕಾಲಿಗೆ ಇವತ್ತಿಗೂ ಒಣಗಿ ಕರ್ರಗಾದ ಒಂದು ಲಿಂಬು ನೇತಾಡುತ್ತದೆ. ಹೊಸ ಗಿರಾಕಿ ಬಂದರೆ ಮೊದಲು ಅದರ ವಿಷಯವನ್ನೇ ಕೇಳುತ್ತಾರೆ. ಮನಿಷಾ ನಡೆದದ್ದನ್ನೆಲ್ಲ ಹೇಳುತ್ತಾಳೆ, ತನ್ನ ತಪ್ಪಿನ ಪಾಲನ್ನೂ ಬಿಡುವುದಿಲ್ಲ. ಆಮೇಲೆ ಗೋಡೆಗೆ ಒರಗಿಸಿಟ್ಟ ಹೊಸ ಪೆಟ್ಟಿಗೆಗಳನ್ನು ತೋರಿಸಿ, "ಇವುಗಳಾಗ ಯಾವದು ಬೇಕ ನೀವ ಆರಿಸ್ರಿ. ಅದನ್ನ ಬಿಚ್ಚಿ ಅದರ ಮ್ಯಾಲೇ ಒತ್ತತೇನಿ," ಎನ್ನುತ್ತಾಳೆ. "ಚೀಲಾ ಆಮ್ಯಾಲೆ. ಮೊದಲ ತೋಳ ಹಿಡದ ಅಲ್ಲಾಡಸ್ರಿ."