ಬೀರುವಿನಲ್ಲಿ ಉಳಿದ ಮಾತ್ರೆಗಳು

ದರ್ಜಿಯ ಹೆಂಡತಿ ತೀರಿಕೊಂಡು ನಾಲ್ಕು ತಿಂಗಳಾಗಿತ್ತು. ಅವಳ ಹೃದಯದ ಕಾಯಿಲೆಗೆ ತಂದಿದ್ದ ಮಾತ್ರೆಗಳು ಬೀರುವಿನಲ್ಲಿ ಹಾಗೆಯೇ ಇದ್ದವು. ಬೆಳಿಗ್ಗೆ ಎಂಟಾದರೆ ದರ್ಜಿ ಹೊಲಿಗೆ ನಿಲ್ಲಿಸಿ ಒಂದು ಲೋಟ ನೀರು ಬಗ್ಗಿಸುತ್ತಿದ್ದ. ಆಮೇಲೆ ನೆನಪಾಗುತ್ತಿತ್ತು, ಕುಡಿಯುವವಳು ಇಲ್ಲ. ತಾನೇ ಕುಡಿದು ಮತ್ತೆ ಮೆಷಿನ್ ಮುಂದೆ ಕೂರುತ್ತಿದ್ದ.

ನಾಲ್ಕು ದಿನ ಇದ್ದು ಹೋಗಲು ಅವನ ಅಕ್ಕ ಬಂದಳು. ಮರುದಿನ ಅವಳ ಎದೆ ಡವಡವ ಎಂದಿತು. "ಅವಳಿಗೂ ಎದೆ, ನನಗೂ ಎದೆ. ಸುಮ್ನೆ ಹಾಳಾಗೋ ಬದಲು ಹೊಟ್ಟೆಗಾದ್ರೂ ಹೋಗ್ಲಿ" ಎಂದು ಎರಡು ಮಾತ್ರೆ ನುಂಗಿದಳು. ಸ್ವಲ್ಪ ಹೊತ್ತಿಗೆ ಕಣ್ಣು ಕತ್ತಲಿಟ್ಟು ಬಚ್ಚಲ ಬಾಗಿಲಲ್ಲೇ ಕುಸಿದಳು. ಹಿಂದಿನ ಬೀದಿಯ ನರ್ಸಮ್ಮ ಓಡಿಬಂದು ಆಸ್ಪತ್ರೆಗೆ ಸೇರಿಸಿದರು. ಬಿ.ಪಿ. ತೀರಾ ಇಳಿದುಹೋಗಿತ್ತು.

ಅಕ್ಕ ಮನೆಗೆ ಬಂದ ಮೇಲೆ ನರ್ಸಮ್ಮ ನೋಡಲು ಬಂದರು. "ಇನ್ನೊಬ್ಬರ ಮಾತ್ರೆ ಅಂದ್ರೆ ಇನ್ನೊಬ್ಬರ ಅಂಗಿ ಅಲ್ಲ ಅಕ್ಕ, ಬಿಗಿಯಾದ್ರೆ ಬಿಚ್ಚಿಡೋಕೆ."

"ಹಾಗಾದ್ರೆ ಎಲ್ಲಾ ಚರಂಡಿಗೆ ಸುರೀತೀನಿ" ಎಂದಳು ಅಕ್ಕ.

"ಅದೂ ಬೇಡ, ನೀರಿಗೆ ಸೇರುತ್ತೆ. ನಮ್ಮ ಆಸ್ಪತ್ರೇಲಿ ಉಳಿದ ಔಷಧಿ ತಗೋತಾರೆ. ಒಂದೊಂದೂ ಪರೀಕ್ಷೆ ಮಾಡಿ, ಡಾಕ್ಟರ ಚೀಟಿ ಇರೋ ಬಡವರಿಗೆ ಕೊಡ್ತಾರೆ."

"ಸತ್ತೋರ ಮಾತ್ರೆ ಯಾರು ತಗೋತಾರೆ?"

"ಯಾರು ಕೊಂಡಿದ್ದು ಅಂತ ಮಾತ್ರೆಗೇನು ಗೊತ್ತು?"

ದರ್ಜಿ ಬಾಯಿಬಿಟ್ಟ. "ನಾನು ಕೊಡಲ್ಲ ನರ್ಸಮ್ಮ. ಬಟ್ಟೆಬರೆ ಎಲ್ಲಾ ಅವಳ ತಂಗಿಯರು ತಗೊಂಡು ಹೋದ್ರು. ಅವಳದ್ದು ಅಂತ ಉಳಿದಿರೋದು ಇಷ್ಟೇ."

ನರ್ಸಮ್ಮ ಬೀರುವಿನ ಕಡೆ ನೋಡಿದರು. "ಒಂದ್ಸಲ ಇದೇ ಮಾತ್ರೆ ಸಿಗದೆ ಮೂರು ದಿನ ಅಲೆದ್ರಿ ಅಣ್ಣ. ಹಾಗೇ ಅಲೀತಿರೋರು ಈಗಲೂ ಇದ್ದಾರೆ."

ಆ ಮೂರು ದಿನ ದರ್ಜಿಯ ಕಣ್ಣಿಗೆ ಕಟ್ಟಿತು. ಕಿಟಕಿಗೆ ಒರಗಿ ದಾರಿ ಕಾಯುತ್ತಿದ್ದ ಹೆಂಡತಿ. ಬರಿಗೈಯಲ್ಲಿ ಬರುತ್ತಿದ್ದ ತಾನು.

ಮರುದಿನ ಬೀರುವಿನಿಂದ ಔಷಧಿ ಡಬ್ಬಿ ಎತ್ತಿಕೊಂಡು ಆಸ್ಪತ್ರೆಗೆ ಹೋದ. ಅಲ್ಲಿ ಔಷಧಿ ಕೊಡುವವರು ತಾರೀಕು ನೋಡಿ, ಒಡೆಯದ ಆರು ಮಾತ್ರೆ ಪಟ್ಟಿ ಆರಿಸಿಕೊಂಡರು. ಕತ್ತರಿಸಿದ್ದರಿಂದ ತಾರೀಕೇ ಕಾಣದ ಪಟ್ಟಿ, ಅರ್ಧ ಕುಡಿದ ಔಷಧಿ ಬಾಟಲಿ ಎರಡನ್ನೂ ನಾಶಮಾಡಲು ಬೇರೆ ಇಟ್ಟರು. ಕೊಡುವಾಗ ದರ್ಜಿಯ ಕೈ ಡಬ್ಬಿ ಬಿಡಲು ತಡಮಾಡಿತ್ತು. ಅವರು ಕಾದಿದ್ದರು.

ಅಕ್ಕ ತನ್ನ ಮನೆಗೆ ಹೋದವಳೇ ಮೊದಲು ಅಲ್ಲಿನ ಬೀರು ತೆಗೆದು, ಉಳಿದ ಮಾತ್ರೆ ಹುಡುಕುತ್ತಾ ಕೂತಳಂತೆ.

ಹದಿನೈದು ದಿನದ ಮೇಲೆ ನರ್ಸಮ್ಮ ಅಂಗಡಿಗೆ ಬಂದರು. "ಮಾತ್ರೆ ಒಬ್ಬರಿಗೆ ಸೇರಿತು ಅಣ್ಣ. ಹೆಸರು ಹೇಳೋ ಹಾಗಿಲ್ಲ. ನಿನ್ನೆ ನಮ್ಮ ಆಸ್ಪತ್ರೆ ಮೆಟ್ಟಿಲು ತಾವೇ ಹತ್ತಿ ಮೇಲೆ ಬಂದ್ರು."

ದರ್ಜಿ ಕತ್ತರಿ ಕೆಳಗಿಟ್ಟ. "ನಮ್ಮವಳಿಗೂ ಮಹಡಿ ಹತ್ತಬೇಕು ಅಂತ ಬಹಳ ಆಸೆಯಿತ್ತು. ಎಷ್ಟು ಮೆಟ್ಟಿಲು?"

"ಇಪ್ಪತ್ತೆರಡು."

"ಮಧ್ಯೆ ಕೂತ್ಕೊಂಡ್ರಾ?"

"ಒಂದೇ ಸಲ."

ಅವನು ಮುಖ ಆಚೆ ತಿರುಗಿಸಿಕೊಂಡು ನಿಧಾನವಾಗಿ ತಲೆಯಾಡಿಸಿದ.

ನಿಮ್ಮ ಮನೆಯಲ್ಲೂ ಉಳಿದ ಮಾತ್ರೆಗಳು ಇದ್ದಾವು. ಅವನ್ನು ನೀವಾಗಿ ನುಂಗಬೇಡಿ, ನೆರೆಯವರಿಗೆ ಕೊಡಬೇಡಿ, ಚರಂಡಿಗೆ ಚೆಲ್ಲಬೇಡಿ. ಉಳಿದ ಔಷಧಿ ಎಲ್ಲಿ ತೆಗೆದುಕೊಳ್ಳುತ್ತಾರೆ ಎಂದು ಹತ್ತಿರದ ಆಸ್ಪತ್ರೆಯಲ್ಲೋ ಔಷಧಿ ಅಂಗಡಿಯಲ್ಲೋ ಕೇಳಿ. ಅವಧಿ ಮುಗಿದದ್ದನ್ನೂ ಅವರಿಗೇ ತೋರಿಸಿ. ಒಡೆಯದ ಪಟ್ಟಿಯನ್ನು ತಾರೀಕು ಮುಗಿಯುವ ಮೊದಲೇ ತಲುಪಿಸಿ. ನೀವು ತಡಮಾಡಿದಷ್ಟೂ ಅದು ಯಾರಿಗೂ ಆಗದೆ ಹೋಗುತ್ತದೆ.