ಸೀಟ್ ಕವರ್ ನೋಡಿ ಕೊಂಡ ಕಾರು

ಆ ಬೀದಿಗೆ ಬಸ್ಸು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಕಾರುಗಳ ಸೀಟ್ ಕವರ್ ಹೊಲಿಯುವ ದರ್ಜಿಯ ಮಗಳಿಗೆ ಕಾದೂ ಕಾದೂ ಸಾಕಾಗಿತ್ತು. ಅವಳು ಕೆಲಸ ಮಾಡುವ ಲ್ಯಾಬು ಊರಿನ ಆ ತುದಿಗೆ. ಬರುವಾಗ ಮನೆಗೆ ದಿನಸಿ, ಅಪ್ಪನಿಗೆ ರೆಕ್ಸಿನ್ ಸುರುಳಿ, ಎಲ್ಲ ಹೊತ್ತು ತರಬೇಕು. ಸೆಕೆಂಡ್ ಹ್ಯಾಂಡ್ ಸೆಡಾನ್ ಒಂದನ್ನು ಕೊಂಡೇಬಿಡೋಣವೆಂದು ಒಂದು ಭಾನುವಾರ ಅಪ್ಪನನ್ನೂ ಪಕ್ಕದ ಗ್ಯಾರೇಜಿನ ಗ್ರೀಸಣ್ಣನನ್ನೂ ಹೊರಡಿಸಿಕೊಂಡು ಹಳೆ ಕಾರು ಮಾರುವವನ ಅಂಗಳಕ್ಕೆ ಬಂದಳು.

ಒಂದು ಬಿಳಿ ಕಾರು ಫಳಫಳ ಹೊಳೆಯುತ್ತಿತ್ತು.

"ಅಪ್ಪ, ಸೀಟು ನೋಡು! ಹೊಚ್ಚ ಹೊಸದು. ಇದೇ ಸಾಕು."

ದರ್ಜಿ ಹೊಲಿಗೆಯ ಮೇಲೆ ಬೆರಳಾಡಿಸಿದ. ಜೋಡಿ ಹೊಲಿಗೆ, ಮೂಲೆಮೂಲೆಗೂ ಮೂರು ಸಲ ಹಿಂದೆಮುಂದೆ ಹೊಡೆದ ದಾರ: ಅವನದೇ ಕೈಕೆಲಸ. ಹೋದ ತಿಂಗಳು ಈ ಮಾರುವವನಿಗಾಗಿಯೇ ಇದರ ಹಳೆ ಕವರ್ ಕಿತ್ತಾಗ ಸ್ಪಂಜು ಹಸಿಯಾಗಿತ್ತು, ಕೆಸರು ವಾಸನೆ ಹೊಡೆದಿತ್ತು. ಊರ ಉಸಾಬರಿ ನನಗೇಕೆಂದು ಬಾಯಿ ಮುಚ್ಚಿಕೊಂಡು ಹೊಲಿದುಕೊಟ್ಟಿದ್ದ.

"ಬೇಡ ಮಗಳೇ. ಇದನ್ನ ಹೊಲಿದಿದ್ದು ನಾನೇ. ಒಳಗೆಲ್ಲ ನೀರು ಕುಡಿದಿದೆ."

"ಎಲ್ಲದಕ್ಕೂ ಬೇಡ ಅಂತೀಯ! ಅಮ್ಮ ಇದ್ದಾಗ ನೀನೂ ಸೀಟು ನೋಡೇ ಅಲ್ವಾ ಕಾರು ತಂದಿದ್ದು?"

ಗ್ರೀಸಣ್ಣ ತಲೆ ತಗ್ಗಿಸಿದ. ತಾನು ಎರಡು ವರ್ಷದಿಂದ ಗಂಟಲಲ್ಲೇ ಇಟ್ಟುಕೊಂಡಿದ್ದ ಮಾತನ್ನು ಇನ್ನು ನುಂಗಿದರೆ ಮಗಳೂ ಅಂಥದ್ದೇ ಕಾರು ಹತ್ತುತ್ತಾಳೆ ಎಂದು ದರ್ಜಿಗೆ ಗೊತ್ತಾಯಿತು.

"ಅದಕ್ಕೇ ಬೇಡ ಅಂದೆ. ಅವತ್ತು ಅಮ್ಮನ್ನ ಆಸ್ಪತ್ರೆಗೆ ಕರ್ಕೊಂಡು ಹೋಗುವಾಗ ಟ್ರಾಫಿಕ್ ಇತ್ತು ಅಂದಿದ್ನಲ್ಲ, ಸುಳ್ಳು. ರಸ್ತೆ ಖಾಲಿ ಇತ್ತು. ಇಂಜಿನ್ ಕಾದು ಸೇತುವೆ ಮೇಲೆ ನಿಂತುಹೋಯ್ತು. ಆ ಕಾರನ್ನ ಗುಜರಿಗೆ ಹಾಕಿದ್ದೂ ಅದಕ್ಕೇ. ಅದನ್ನ ಕೊಳ್ಳೋ ಮುಂಚೆ ಈ ಗ್ರೀಸಣ್ಣ ಬಂದು ನೋಡ್ತೀನಿ ಅಂದಿದ್ದ. ಸೀಟೇ ಇಷ್ಟು ಚೆನ್ನಾಗಿ ಇಟ್ಕೊಂಡಿದಾರೆ, ಇನ್ನೇನು ನೋಡ್ತೀಯೋ ಅಂದ್ಬಿಟ್ಟೆ. ಬೇರೆ ಗಾಡಿ ಸಿಗೋಕೆ ಅರ್ಧ ಗಂಟೆ ಆಯ್ತು. ಅಷ್ಟು ಹೊತ್ತು ಅವಳು ಕಾಯಲಿಲ್ಲ."

ಮಗಳು ಕಾರಿನ ಬಾಗಿಲಿನಿಂದ ಕೈ ತೆಗೆದಳು. "ಈಗ ಹೇಳ್ತಿದೀಯ," ಎಂದಳು. ಅಷ್ಟೇ. ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತು.

ಗ್ರೀಸಣ್ಣ ಮೆಲ್ಲಗೆ ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದ. ತುದಿಯಲ್ಲಿ ಕೆಸರಿನ ಕಲೆ. ಮ್ಯಾಟ್ ಎತ್ತಿದ. ತುಕ್ಕು.

"ನೋಡು ತಾಯಿ, ನೀರಲ್ಲಿ ಮುಳುಗಿದ ಗಾಡಿ. ಇವತ್ತು ಓಡುತ್ತೆ. ನಾಳೆ ನಡುರಸ್ತೇಲಿ ಕೈಕೊಡುತ್ತೆ."

ಮಾರುವವನು ದರ್ಜಿಯತ್ತ ಕಣ್ಣು ಕೆಂಪಗೆ ಮಾಡಿದ. "ನಾನು ಕೊಡೋ ಕೆಲಸ ಬೇಡ್ವೇನಯ್ಯಾ ನಿಂಗೆ?"

"ಬೇಡ," ಎಂದ ದರ್ಜಿ.

ಆಮೇಲೆ ಮೂರು ಭಾನುವಾರ ಹುಡುಕಿದರು. ಗ್ರೀಸಣ್ಣ ಎಲ್ಲಿಗೆ ಹೋದರೂ ಇಂಜಿನ್ ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿಸಿ ಹೊಗೆ ನೋಡುತ್ತಿದ್ದ. ರೇಡಿಯೇಟರ್ ಸೋರುತ್ತದೆಯೇ, ಟೈರು ಒಂದೇ ಸಮ ಸವೆದಿದೆಯೇ, ಬ್ರೇಕು ಹಿಡಿಯುತ್ತದೆಯೇ, ಸರ್ವಿಸ್ ಮಾಡಿಸಿದ ದಾಖಲೆ ಇದೆಯೇ, ಬಿಡಿಭಾಗ ಹತ್ತಿರದಲ್ಲೇ ಸಿಗುತ್ತದೆಯೇ ಎಂದು ಮಾರುವವರ ತಲೆ ತಿಂದ. ಕೊನೆಗೆ ಒಪ್ಪಿದ್ದು ಒಂದು ಬೂದು ಬಣ್ಣದ ಕಾರನ್ನು. ನೋಡಲು ಸಪ್ಪೆ, ಸೀಟು ಹರಿದಿತ್ತು. ಡಿಕ್ಕಿಯಲ್ಲಿ ರೆಕ್ಸಿನ್ ಸುರುಳಿ ಮಲಗುವಷ್ಟು ಜಾಗವಿತ್ತು.

"ದಿನಾ ಹೋಗೋ ದಾರೀಲೇ ಓಡಿಸಿ ನೋಡು," ಎಂದ ಗ್ರೀಸಣ್ಣ.

ಮಗಳು ಆ ದಾರಿ ಬಿಟ್ಟು ಆಸ್ಪತ್ರೆಯ ದಾರಿ ಹಿಡಿದಳು. ಸೇತುವೆ ಬಂದಾಗ ನಿಧಾನಿಸಿದಳು.

"ಇಲ್ಲೇನಾ?"

"ಇಲ್ಲೇ."

ಕಾರು ನಿಲ್ಲದೆ ಆ ಬದಿಗೆ ದಾಟಿತು. ದರ್ಜಿ ಕಿಟಕಿಯ ಕಡೆ ತಿರುಗಿ ಅತ್ತ. ಗೇರು ಬದಲಿಸುತ್ತ ಮಗಳು, "ಹಿಂದಿನ ಸೀಟು ಹರಿದಿದೆ ಅಪ್ಪ. ನೀನೇ ಹೊಲಿದುಕೊಡಬೇಕು," ಎಂದಳು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಗೂ ನಾಳೆ ಕಾರು ಬರಬಹುದು. ಹೊಳಪು ನೋಡಿ ಮರುಳಾಗಬೇಡಿ. ಗೊತ್ತಿರುವ ಮೆಕ್ಯಾನಿಕ್ ಒಬ್ಬರನ್ನು ಜೊತೆಗೆ ಕರೆದೊಯ್ಯಿರಿ, ಅವರು ಬೇಡವೆಂದರೆ ಬಿಟ್ಟು ಬನ್ನಿ. ಹರಿದ ಸೀಟನ್ನು ದರ್ಜಿ ಒಂದು ಮಧ್ಯಾಹ್ನದಲ್ಲಿ ಹೊಲಿದುಕೊಡುತ್ತಾನೆ. ಸೇತುವೆಯ ಮೇಲೆ ಹೋದ ಅರ್ಧ ಗಂಟೆಯನ್ನು ಅವನಿಂದಲೂ ವಾಪಸು ತರಲಾಗಲಿಲ್ಲ.